ಚಿಕ್ ಹೋಗಿ ಕೆಂಟ್ಸ್ ಬಂತು: ಹೊಸದು ಹಳೆಯದರ ಜಾಗ ಹಿಡಿಯುವ ಬಗೆ

2025ರ ಅಕ್ಟೋಬರ್ 13ರಂದು ಅರ್ಥಶಾಸ್ತ್ರದ ನೊಬೆಲ್ ಪ್ರಶಸ್ತಿ ಪ್ರಕಟವಾಯಿತು. ಅರ್ಧ ಪಾಲು ಜೋಯೆಲ್ ಮೊಕಿರ್ ಅವರಿಗೆ, ಉಳಿದರ್ಧ ಫಿಲಿಪ್ ಅಘಿಯಾನ್ ಮತ್ತು ಪೀಟರ್ ಹೋವಿಟ್ ಅವರಿಗೆ. ಸುದ್ದಿ ಓದಿದ ಎಲ್ಲರ ಕಣ್ಣಿಗೂ ಬಿದ್ದ ಮಾತು ‘ಸೃಜನಶೀಲ ವಿನಾಶ’. ಹೊಸದು ಹುಟ್ಟುವಾಗ ಹಳೆಯದು ಜಾಗ ಬಿಡುತ್ತದೆ, ಹೀಗೆ ಜಾಗ ಬದಲಾಗುತ್ತಾ ಹೋಗುವುದರಿಂದಲೇ ದೇಶದ ಸಂಪತ್ತು ಬೆಳೆಯುತ್ತದೆ ಎಂಬುದು ಅದರ ತಿರುಳು.

ಇದೆಲ್ಲ ದೊಡ್ಡ ವಿಶ್ವವಿದ್ಯಾಲಯಗಳ ವಿಷಯ ಎಂದು ಸುಮ್ನೆ ಬಿಟ್ಟುಬಿಡುವ ಹಾಗಿಲ್ಲ. ಈಗ ಕಂಪ್ಯೂಟರೇ ಲೆಕ್ಕ ಬರೆಯುತ್ತಿದೆ, ಚಿತ್ರ ಬಿಡಿಸುತ್ತಿದೆ, ಅನುವಾದ ಮಾಡುತ್ತಿದೆ. ಹಾಸನದ ಡಿಟಿಪಿ ಅಂಗಡಿಯವರಿಗೂ ಚಿಕ್ಕಮಗಳೂರಿನ ಫೋಟೊ ಸ್ಟುಡಿಯೊದವರಿಗೂ ‘ನಮ್ಮ ಕೆಲಸ ಉಳಿಯುತ್ತಾ’ ಎಂಬ ಚಿಂತೆ ಹತ್ತಿದೆ. ಹೊಸದು ಹಳೆಯದನ್ನು ಹೇಗೆ ತಳ್ಳುತ್ತದೆ, ಎಲ್ಲಿ ಪೂರ್ತಿ ತಳ್ಳಲಾಗದೆ ನಿಲ್ಲುತ್ತದೆ ಎಂಬುದನ್ನು ತಿಳಿಯಲು ಕಾಫಿ ಗಿಡಕ್ಕಿಂತ ಒಳ್ಳೆಯ ದಾರಿ ನಮ್ಮ ಕಡೆಯವರಿಗೆ ಇಲ್ಲ. ಹಾಗಾಗಿ ಅಲ್ಲಿಂದಲೇ ಶುರುಮಾಡೋಣ.

ಮೊದಲು ಮಾತಿನ ಅರ್ಥ

ಈ ವಿಚಾರವನ್ನು ಜನಪ್ರಿಯ ಮಾಡಿದವರು ಜೋಸೆಫ್ ಶುಂಪೀಟರ್ ಎಂಬ ಅರ್ಥಶಾಸ್ತ್ರಜ್ಞ. 1942ರಲ್ಲಿ ಪ್ರಕಟವಾದ ಪುಸ್ತಕವೊಂದರಲ್ಲಿ ಅವರು ಇದನ್ನು ವಿವರಿಸಿದರು. ಅವರ ಪ್ರಕಾರ ಹೊಸ ಯಂತ್ರ ಬಂದರೆ ಮಾತ್ರ ನಾವೀನ್ಯ ಎನ್ನಬೇಕಾಗಿಲ್ಲ. ಹೊಸ ವಸ್ತು, ತಯಾರಿಸುವ ಹೊಸ ವಿಧಾನ, ಹೊಸ ಮಾರುಕಟ್ಟೆ, ಹೊಸ ಕಚ್ಚಾಮಾಲು, ಕೆಲಸವನ್ನು ಜೋಡಿಸುವ ಹೊಸ ಕ್ರಮ, ಈ ಐದೂ ನಾವೀನ್ಯವೇ.

ಇನ್ನೊಂದು ವ್ಯತ್ಯಾಸವನ್ನೂ ಗಮನದಲ್ಲಿಡಬೇಕು. ಕಂಡುಹಿಡಿಯುವುದು ಬೇರೆ, ಬಳಕೆಗೆ ತರುವುದು ಬೇರೆ. ಕಂಡುಹಿಡಿದದ್ದು ಪುಸ್ತಕದಲ್ಲೇ ಉಳಿದರೆ ಅದರಿಂದ ಯಾರ ಕೆಲಸವೂ ಹೋಗುವುದಿಲ್ಲ, ಯಾರ ಆದಾಯವೂ ಏರುವುದಿಲ್ಲ.

ಒಂದು ಗಿಡ, ನಾಲ್ಕು ತಲೆಮಾರು

17ನೇ ಶತಮಾನದಲ್ಲಿ ಬಾಬಾ ಬುಡನ್ ಯೆಮೆನ್‌ನ ಮೋಕಾದಿಂದ ಏಳು ಕಾಫಿ ಬೀಜ ತಂದು ಚಂದ್ರದ್ರೋಣ ಪರ್ವತದಲ್ಲಿ ಬಿತ್ತಿದರು ಎಂಬ ಕಥೆ ಇಲ್ಲಿ ಎಲ್ಲರಿಗೂ ಗೊತ್ತು. ಅರೇಬಿಕಾ ಜಾತಿಯ ಆ ಹಳೆಯ ಕಾಫಿಗೆ ಪ್ಲಾಂಟರುಗಳು ‘ಚಿಕ್’ ಎನ್ನುತ್ತಿದ್ದರು. ಚಿಕ್ಕಮಗಳೂರಿನಿಂದಲೇ ಬಂದ ಹೆಸರು. ಆ ತಳಿ ಈಗ ತೋಟಗಳಲ್ಲಿ ಇಲ್ಲ. 19ನೇ ಶತಮಾನದ ಉತ್ತರಾರ್ಧದಲ್ಲಿ ಬಿಳಿ ಕಾಂಡಕೊರಕ ಎಂಬ ಕೀಟ ಮತ್ತು ಎಲೆ ತುಕ್ಕು ರೋಗ ಸೇರಿ ಅದನ್ನು ಮುಗಿಸಿದವು. ಅದರ ಜಾಗಕ್ಕೆ ‘ಕೂರ್ಗ್’ ಎಂಬ ತಳಿ ಬಂತು. ಸ್ವಲ್ಪ ಕಾಲಕ್ಕೆ ಅದಕ್ಕೂ ತುಕ್ಕು ಹಿಡಿಯಿತು.

ತುಕ್ಕು ಸಣ್ಣ ರೋಗ ಏನಲ್ಲ. 1869ರಲ್ಲಿ ಅದು ಸಿಲೋನಿನಲ್ಲಿ, ಅಂದರೆ ಇವತ್ತಿನ ಶ್ರೀಲಂಕಾದಲ್ಲಿ ಕಾಣಿಸಿಕೊಂಡಿತು. ಆಗ ಸಿಲೋನು ಕಾಫಿಗೆ ಹೆಸರಾಗಿತ್ತು. ಕೆಲವೇ ದಶಕಗಳಲ್ಲಿ ಅಲ್ಲಿನ ತೋಟಗಳು ಕಾಫಿ ಕಿತ್ತು ಟೀ ಹಾಕಿದವು. ನಮ್ಮ ಮಲೆನಾಡಿನಲ್ಲೂ ಹಾಗೇ ಆಗಬಹುದಿತ್ತು.

ಆಗದಿದ್ದುದಕ್ಕೆ ಒಂದು ಕಾರಣ ಕೆಂಟ್ ಎಂಬ ಪ್ಲಾಂಟರ್. 1911ರ ಹೊತ್ತಿಗೆ ತನ್ನ ತೋಟದಲ್ಲಿ ಉಳಿದವಕ್ಕಿಂತ ಕಡಿಮೆ ತುಕ್ಕು ಹಿಡಿದ ಗಿಡ ಅವನ ಕಣ್ಣಿಗೆ ಬಿತ್ತು. ಅದರ ಬೀಜ ಆರಿಸಿ ಸಸಿ ಮಾಡಿದ. ‘ಕೆಂಟ್ಸ್’ ತಳಿ ತೋಟದಿಂದ ತೋಟಕ್ಕೆ ಹರಡಿತು. ಕಾಲ ಕಳೆದಂತೆ ಅದಕ್ಕೂ ತುಕ್ಕು ಬರತೊಡಗಿತು. 1940ರ ದಶಕದ ಮಧ್ಯದಲ್ಲಿ ಬಾಳೆಹೊನ್ನೂರಿನ ಕಾಫಿ ಪ್ರಯೋಗ ಕೇಂದ್ರದಿಂದ ಎಸ್ 795 ಎಂಬ ತಳಿ ಬಂತು. 1980ರ ದಶಕದಲ್ಲಿ ಕಾವೇರಿ, 2007ರಲ್ಲಿ ಚಂದ್ರಗಿರಿ.

ಈ ಸರಣಿಯಲ್ಲಿ ನನಗೆ ತುಂಬ ಮುಖ್ಯ ಅನ್ನಿಸುವುದು ಒಂದು ಸಂಗತಿ. ಹೊಸ ತಳಿ ಬಂದದ್ದು ಬರೀ ಜಾಸ್ತಿ ಲಾಭದ ಆಸೆಗಲ್ಲ. ಇದ್ದ ಜಾಗದಲ್ಲಿ ಉಳಿಯುವುದಕ್ಕೇ ಹೊಸದು ಬೇಕಾಗಿತ್ತು. ರೋಗದ ಶಿಲೀಂಧ್ರವೂ ಬದಲಾಗುತ್ತಲೇ ಇತ್ತು. ಕೂರ್ಗ್ ತಳಿಯನ್ನೇ ನೆಚ್ಚಿಕೊಂಡು ಕೂತಿದ್ದರೆ ತೋಟವೇ ಇರುತ್ತಿರಲಿಲ್ಲ. ಹಳೆಯದನ್ನು ಉಳಿಸಿಕೊಂಡರೆ ನಷ್ಟವೇನು ಎಂದು ಕೇಳುವವರಿಗೆ ಸಿಲೋನಿನ ಕಾಫಿಯೇ ಉತ್ತರ.

‘ಹೇಗೆ’ ಗೊತ್ತಿದ್ದರೆ ಸಾಲದು, ‘ಯಾಕೆ’ ಗೊತ್ತಿರಬೇಕು

ಮೊಕಿರ್ ಇತಿಹಾಸಕಾರರು. ಅವರು ಹಿಡಿದ ಪ್ರಶ್ನೆ ಇದು: ಮನುಷ್ಯ ಸಾವಿರಾರು ವರ್ಷ ಹೊಸ ಹೊಸ ವಸ್ತುಗಳನ್ನು ಕಂಡುಹಿಡಿಯುತ್ತಲೇ ಬಂದ. ಗಾಣ, ರಾಟೆ, ನೀರಿನ ಚಕ್ರ ಎಲ್ಲ ಬಂದವು. ಆದರೂ ಜನರ ಬದುಕಿನ ಮಟ್ಟ ಒಂದೇ ಸಮ ಏರುತ್ತಾ ಹೋದದ್ದು ಕಳೆದ ಇನ್ನೂರು ವರ್ಷಗಳಲ್ಲಿ ಮಾತ್ರ. ಮೊದಲು ಯಾಕೆ ಹಾಗಾಗಲಿಲ್ಲ?

ಅವರ ಉತ್ತರ ಹೀಗಿದೆ. ಜ್ಞಾನದಲ್ಲಿ ಎರಡು ಬಗೆ. ಒಂದು, ಕೆಲಸ ಮಾಡುವುದು ಹೇಗೆ ಎಂಬ ಜ್ಞಾನ. ಇನ್ನೊಂದು, ಅದು ಯಾಕೆ ಹಾಗೆ ಆಗುತ್ತದೆ ಎಂಬ ಜ್ಞಾನ. ಹಿಂದೆ ಇವೆರಡೂ ಬೇರೆ ಬೇರೆ ಮನೆಗಳಲ್ಲಿದ್ದವು. ಕುಶಲಕರ್ಮಿಗೆ ‘ಹೇಗೆ’ ಗೊತ್ತಿತ್ತು, ಪಂಡಿತನಿಗೆ ಒಂದಿಷ್ಟು ‘ಯಾಕೆ’ ಗೊತ್ತಿತ್ತು, ಇಬ್ಬರೂ ಮಾತಾಡುತ್ತಿರಲಿಲ್ಲ. ಹಾಗಾಗಿ ಒಂದು ಸುಧಾರಣೆ ಬಂದರೆ ಅಲ್ಲಿಗೇ ನಿಲ್ಲುತ್ತಿತ್ತು. ಮುಂದಿನದು ಅದೃಷ್ಟಕ್ಕೆ ಬಿಟ್ಟದ್ದು.

ಕೆಂಟ್ ಮಾಡಿದ್ದು ‘ಹೇಗೆ’ ಎಂಬ ಬಗೆಯ ಕೆಲಸ. ಒಳ್ಳೆಯ ಗಿಡ ಕಂಡಿತು, ಬೀಜ ತೆಗೆದ. ಅದಕ್ಕೆ ಯಾಕೆ ತುಕ್ಕು ಹತ್ತಲಿಲ್ಲ ಎಂಬುದು ಆಗ ತಿಳಿದಿರಲಿಲ್ಲ. ಹಾಗಾಗಿ ಕೆಂಟ್ಸ್‌ಗೆ ತುಕ್ಕು ಬಂದಾಗ ಮತ್ತೆ ಮೊದಲಿನಿಂದ ಹುಡುಕಬೇಕಾಗಿತ್ತು.

1925ರಲ್ಲಿ ಮೈಸೂರು ಸರ್ಕಾರ ಬಾಳೆಹೊನ್ನೂರಿನ ಬಳಿ ಕಾಫಿ ಪ್ರಯೋಗ ಕೇಂದ್ರ ತೆರೆಯಿತು. ಇದರ ಹಿಂದೆ ಇದ್ದವರು ಕೆನಡಾದಿಂದ ಬಂದು ಮೈಸೂರಿನ ಕೃಷಿ ಇಲಾಖೆಯನ್ನು ಕಟ್ಟಿದ ಲೆಸ್ಲಿ ಕೋಲ್ಮನ್. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣದ ಪ್ರಯೋಗ ಮಾಡಿದವರೂ ಅವರೇ. 1930ರ ದಶಕದಲ್ಲಿ ಇದೇ ಕೇಂದ್ರದ ವಿಜ್ಞಾನಿ ವಿಲ್ಸನ್ ಮೇನ್, ಕಾಫಿ ತುಕ್ಕಿನ ಶಿಲೀಂಧ್ರ ಒಂದೇ ಬಗೆಯದ್ದಲ್ಲ, ಅದರಲ್ಲಿ ಬೇರೆ ಬೇರೆ ಉಪಜಾತಿಗಳಿವೆ ಎಂದು ತೋರಿಸಿದರು. ಒಂದು ಉಪಜಾತಿಯನ್ನು ತಡೆಯುವ ಗಿಡ ಇನ್ನೊಂದಕ್ಕೆ ಸೋಲಬಹುದು. ಕೆಂಟ್ಸ್ ಸೋತದ್ದು ಯಾಕೆ ಎಂಬುದಕ್ಕೆ ಆಗ ಉತ್ತರ ಸಿಕ್ಕಿತು.

ಅಲ್ಲಿಂದ ಮುಂದೆ ಹುಡುಕಾಟದ ರೀತಿಯೇ ಬದಲಾಯಿತು. ಯಾವ ಉಪಜಾತಿಯನ್ನು ತಡೆಯುವ ಗುಣ ಎಲ್ಲಿಂದ ತರಬೇಕು ಎಂದು ಯೋಚಿಸಿ ತಳಿ ಬೆರೆಸುವುದು ಸಾಧ್ಯವಾಯಿತು. ಎಸ್ 795ರ ಹೆತ್ತವರು ಯಾರು ಗೊತ್ತೇ? ಒಂದು ಕಡೆ ಲಿಬೆರಿಕಾ ಜಾತಿಯ ರಕ್ತವಿರುವ ಎಸ್ 288. ಇನ್ನೊಂದು ಕಡೆ ಅದೇ ಕೆಂಟ್ಸ್. ತುಕ್ಕಿಗೆ ಸೋತ ತಳಿಯನ್ನು ಬಿಸಾಡಲಿಲ್ಲ. ಅದರ ಒಳ್ಳೆಯ ಗುಣ ಹೊಸದರೊಳಗೆ ಸೇರಿಕೊಂಡಿತು. ‘ವಿನಾಶ’ ಅಂದಾಗ ಪೂರ್ತಿ ಅಳಿಸಿಹೋಗುವುದು ನಮ್ಮ ಕಣ್ಣ ಮುಂದೆ ಬರುತ್ತದೆ. ಹಾಗಾಗುವುದು ಅಪರೂಪ. ಇನ್ನೊಂದು ಮಾತು: ಎಸ್ 795ರ ತುಕ್ಕು ತಡೆಯುವ ಶಕ್ತಿ ಈಗ ಮೊದಲಿನಷ್ಟಿಲ್ಲ. ಆದರೂ ಕಪ್ಪಿನಲ್ಲಿ ಅದರ ರುಚಿ ಒಳ್ಳೆಯದೆಂದು ಅದನ್ನು ಬಿಡದ ಬೆಳೆಗಾರರು ಬಹಳ.

ಸಂತೆಯ ಮುಂದಿನ ಜಾಗ

ಅಘಿಯಾನ್ ಮತ್ತು ಹೋವಿಟ್ 1992ರಲ್ಲಿ ಪ್ರಕಟಿಸಿದ ಪ್ರಬಂಧ ಗಣಿತದಲ್ಲಿದೆ. ಅದರ ಒಳಗಿನ ಮಾತನ್ನು ಒಂದು ವಾರದ ಸಂತೆಯಲ್ಲಿ ಹೇಳಬಹುದು.

ಸಂತೆಯ ಬಾಗಿಲಲ್ಲಿ ಒಂದೇ ಒಂದು ಒಳ್ಳೆಯ ಜಾಗವಿದೆ ಎಂದುಕೊಳ್ಳಿ. ಯಾರ ಮಾಲು ಎಲ್ಲಕ್ಕಿಂತ ಚೆನ್ನಾಗಿದೆಯೋ ಅವರಿಗೆ ಆ ಜಾಗ. ಅಲ್ಲಿ ಕೂತವರಿಗೆ ಉಳಿದವರಿಗಿಂತ ಜಾಸ್ತಿ ದುಡ್ಡು ಸಿಗುತ್ತದೆ. ಆ ಜಾಸ್ತಿ ದುಡ್ಡಿನ ಆಸೆಯೇ ಹಿಂದೆ ಕೂತವರನ್ನು ಇನ್ನೂ ಒಳ್ಳೆಯ ಮಾಲು ತರುವಂತೆ ಮಾಡುತ್ತದೆ. ಯಾರೋ ತರುತ್ತಾರೆ. ಮುಂದಿನ ವಾರ ಮೊದಲಿನವರು ಹಿಂದಕ್ಕೆ, ಇವರು ಬಾಗಿಲಿಗೆ. ಕೊಳ್ಳುವವರಿಗೆ ವಾರದಿಂದ ವಾರಕ್ಕೆ ಮಾಲು ಉತ್ತಮವಾಗುತ್ತಾ ಹೋಗುತ್ತದೆ.

ಇಲ್ಲೇ ಒಂದು ತೊಡಕು ಇದೆ. ನಾಳೆಯೇ ಜಾಗ ಹೋಗುತ್ತದೆ ಎಂದು ಖಾತ್ರಿಯಾದರೆ ಯಾರೂ ಮೈಮುರಿದು ದುಡಿಯುವುದಿಲ್ಲ. ಯಾವತ್ತೂ ಹೋಗುವುದಿಲ್ಲ ಎಂದಾದರೂ ದುಡಿಯುವುದಿಲ್ಲ. ಪೇಟೆಂಟ್ ಎಂಬ ಹಕ್ಕಿಗೆ ವರ್ಷಗಳ ಮಿತಿ ಇಟ್ಟಿರುವುದು ಇದಕ್ಕೇ. ಸ್ವಲ್ಪ ಕಾಲ ಜಾಗ ನಿಮ್ಮದು, ಆಮೇಲೆ ಎಲ್ಲರದು. ಬಾಗಿಲಲ್ಲಿ ಕೂತವರು ಬೇರೆಯವರನ್ನು ಸಂತೆಯೊಳಕ್ಕೇ ಬಿಡದಿದ್ದರೆ ಆಟ ನಿಂತುಹೋಗುತ್ತದೆ. ದೊಡ್ಡ ಕಂಪನಿಗಳು ಸಣ್ಣವನ್ನು ಬೆಳೆಯುವ ಮೊದಲೇ ಕೊಂಡುಕೊಳ್ಳುವ ಬಗ್ಗೆ ಇಷ್ಟು ಚರ್ಚೆ ಆಗುವುದು ಈ ಕಾರಣಕ್ಕೆ.

ಇನ್ನೊಂದು ಸೂಕ್ಷ್ಮವನ್ನೂ ಅವರು ತೋರಿಸಿದರು. ಹೊಸದನ್ನು ತಂದವರು ಹಿಂದಿನವರ ತಿಳಿವಳಿಕೆಯ ಮೇಲೆ ನಿಂತಿರುತ್ತಾರೆ, ಅದಕ್ಕೆ ಕಾಸು ಕೊಟ್ಟಿರುವುದಿಲ್ಲ. ಅಂದರೆ ಸಂಶೋಧನೆಯಿಂದ ಸಮಾಜಕ್ಕೆ ಸಿಗುವುದು ಸಂಶೋಧಕರಿಗೆ ಸಿಗುವುದಕ್ಕಿಂತ ಜಾಸ್ತಿ. ಹಾಗಾಗಿ ಸರ್ಕಾರ ಸಂಶೋಧನೆಗೆ ಹಣ ಹಾಕುವುದು ನ್ಯಾಯ. ಬಾಳೆಹೊನ್ನೂರಿನ ಬೀಜ ಒಬ್ಬ ಪ್ಲಾಂಟರ್‌ಗೆ ಮಾತ್ರ ಸಿಕ್ಕಿದ್ದಲ್ಲ, ಎರಡು ಎಕರೆಯವರಿಗೂ ಸಿಕ್ಕಿತು. ಅದೇ ವೇಳೆ ಇದಕ್ಕೆ ತಿರುವುಮುರುವು ಕೂಡ ಆಗುತ್ತದೆ. ಮಾಲು ಒಂದು ಚೂರು ಮಾತ್ರ ಉತ್ತಮ, ಆದರೆ ಹಳಬರ ವ್ಯಾಪಾರ ಪೂರ್ತಿ ಹೊಸಬರಿಗೆ. ಆಗ ಸಮಾಜಕ್ಕೆ ಲಾಭ ಅಷ್ಟೇನಿಲ್ಲ, ಹಳಬರಿಗೆ ಮಾತ್ರ ದೊಡ್ಡ ಪೆಟ್ಟು.

ಅಮೆರಿಕದಲ್ಲಿ ಪ್ರತಿ ವರ್ಷ ಶೇ 10ಕ್ಕಿಂತ ಜಾಸ್ತಿ ಕಂಪನಿಗಳು ಬಾಗಿಲು ಹಾಕುತ್ತವೆ, ಹೆಚ್ಚುಕಡಿಮೆ ಅಷ್ಟೇ ಹೊಸದಾಗಿ ತೆರೆಯುತ್ತವೆ. ಮೇಲಿನಿಂದ ನೋಡಿದರೆ ದೇಶ ಶಾಂತವಾಗಿ ಬೆಳೆಯುತ್ತಿರುವಂತೆ ಕಾಣುತ್ತದೆ. ಒಳಗೆ ಇಷ್ಟೊಂದು ಅಲ್ಲೋಲಕಲ್ಲೋಲ.

ಕಾನೂನಿನಿಂದಲೂ ಜಾಗ ಬದಲಾಗುತ್ತದೆ

ಎಲ್ಲ ಬದಲಾವಣೆಯೂ ಯಂತ್ರದಿಂದ, ತಳಿಯಿಂದ ಬರುವುದಿಲ್ಲ. ಎರಡನೇ ಮಹಾಯುದ್ಧದಲ್ಲಿ ಕಾಫಿ ರಫ್ತು ಕಟ್ಟಾದಾಗ ಬೆಳೆಗಾರರನ್ನು ಉಳಿಸಲು ಪೂಲ್ ವ್ಯವಸ್ಥೆ ಬಂತು. 1942ರ ಕಾಯ್ದೆಯ ಪ್ರಕಾರ ಬೆಳೆದ ಕಾಫಿಯನ್ನೆಲ್ಲ ಕಾಫಿ ಮಂಡಳಿಗೆ ಒಪ್ಪಿಸಬೇಕು, ಹಣ ಕಂತಿನಲ್ಲಿ ಬರುತ್ತದೆ. ಅದರಲ್ಲಿ ಭದ್ರತೆ ಇತ್ತು. ಆದರೆ ಒಂದು ತೋಟದ ಕಾಫಿ ಇನ್ನೊಂದರ ಜೊತೆ ಬೆರೆತುಹೋಗುತ್ತಿತ್ತು. ನಿಮ್ಮ ತೋಟದ ಹೆಸರಿನಲ್ಲಿ ಕಾಫಿ ಮಾರುವ ಮಾತೇ ಇರಲಿಲ್ಲ. 1990ರ ದಶಕದಲ್ಲಿ ಪೂಲ್ ಹಂತಹಂತವಾಗಿ ಸಡಿಲವಾಯಿತು, 1996ಕ್ಕೆ ಮಾರಾಟ ಮುಕ್ತವಾಯಿತು. ತೋಟದ ಹೆಸರಿನ ಕಾಫಿ ಬಂತು. ಅದೇ ವರ್ಷ ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ಚಿಕ್ಕಮಗಳೂರು ಮೂಲದ ಉದ್ಯಮಿ ತೆರೆದ ಕಾಫಿ ಡೇ ಹೊಸ ಬಗೆಯ ಕಾಫಿ ಅಂಗಡಿಗೆ ನಾಂದಿಯಾಯಿತು. ಅದರ ಬೆನ್ನಿಗೇ 2000ದ ಆಸುಪಾಸಿನಲ್ಲಿ ಜಗತ್ತಿನ ಕಾಫಿ ಬೆಲೆ ಕುಸಿದಾಗ, ಆಸರೆಗೆ ಪೂಲ್ ಇರಲಿಲ್ಲ. ಎರಡೂ ಒಂದೇ ಬದಲಾವಣೆಯ ಫಲ.

ಕಲೆಯಲ್ಲಿ ಲೆಕ್ಕ ಬೇರೆ

ಈಗ ಬೇಲೂರಿಗೆ ಬನ್ನಿ. ಚೆನ್ನಕೇಶವ ದೇವಾಲಯದ ಕಾಲ 1117. ಅದಕ್ಕೂ ಹಿಂದೆ ಬಾದಾಮಿ, ಪಟ್ಟದಕಲ್ಲಿನಲ್ಲಿ ಚಾಲುಕ್ಯರು ಕಟ್ಟಿದ್ದು ಮರಳುಗಲ್ಲಿನಲ್ಲಿ. ಕಲ್ಯಾಣದ ಚಾಲುಕ್ಯರ ಕಾಲಕ್ಕೆ ಬಳಪದ ಕಲ್ಲು ಬಳಕೆಗೆ ಬಂತು. ಹೊಯ್ಸಳರು ಅದನ್ನು ತುದಿಗೆ ಒಯ್ದರು. ಈ ಕಲ್ಲು ನೆಲದಿಂದ ತೆಗೆದಾಗ ಮೆತ್ತಗಿರುತ್ತದೆ, ಗಾಳಿಗೆ ಬಿದ್ದ ಮೇಲೆ ಗಟ್ಟಿಯಾಗುತ್ತದೆ. ಮದನಿಕೆಯ ಬೆರಳಿನ ಉಂಗುರ, ಕೊರಳ ಸರದ ಒಂದೊಂದು ಮಣಿ, ತಿರುಗಣೆಯಲ್ಲಿ ಕಡೆದ ನುಣುಪು ಕಂಬ, ಎಲ್ಲ ಸಾಧ್ಯವಾದದ್ದು ಇದರಿಂದ. ಶುಂಪೀಟರ್ ಪಟ್ಟಿಯಲ್ಲಿ ಇದು ‘ಹೊಸ ಕಚ್ಚಾಮಾಲು’. ಬಳ್ಳಿಗಾವೆಯಿಂದ ಬಂದ ದಾಸೋಜ ಮತ್ತು ಅವನ ಮಗ ಚಾವಣ ಬೇಲೂರಿನಲ್ಲಿ ತಮ್ಮ ಹೆಸರನ್ನೇ ಕೆತ್ತಿದ್ದಾರೆ. ಇನ್ನೊಬ್ಬ ಶಿಲ್ಪಿ ಮಲ್ಲಿತಮ್ಮನ ಹೆಸರು ತರೀಕೆರೆ ಬಳಿಯ ಅಮೃತಾಪುರದಲ್ಲೂ ಇದೆ, ಸೋಮನಾಥಪುರದಲ್ಲೂ ಇದೆ.

ಆದರೆ ಬೇಲೂರು ಬಂತೆಂದು ಪಟ್ಟದಕಲ್ಲು ಹಳತಾಗಲಿಲ್ಲ. ಆಮೇಲೆ ವಿಜಯನಗರದವರು ಗಟ್ಟಿ ಗ್ರಾನೈಟಿಗೆ ತಿರುಗಿದರು, ಬೇಲೂರು ಹಳತಾಗಲಿಲ್ಲ. ಗ್ರಾನೈಟ್ ಅಂದರೆ ಹೊಸದೂ ಅಲ್ಲ. ಶ್ರವಣಬೆಳಗೊಳದ ಗೊಮ್ಮಟ 10ನೇ ಶತಮಾನದಲ್ಲೇ ಅದೇ ಕಲ್ಲಿನಲ್ಲಿ ನಿಂತಿದ್ದ. ಚಿಕ್ ತಳಿಗೂ ಬೇಲೂರಿಗೂ ಇರುವ ವ್ಯತ್ಯಾಸ ಇಲ್ಲಿದೆ. ಕಾಫಿ ಗಿಡ ಒಂದು ಕೆಲಸಕ್ಕೆ ಬೇಕು. ಆ ಕೆಲಸವನ್ನು ಇನ್ನೊಂದು ಗಿಡ ಚೆನ್ನಾಗಿ ಮಾಡಿದರೆ ಮೊದಲಿನದು ಬೇಡ. ಶಿಲ್ಪವನ್ನು ನೋಡುವುದೇ ಅದರ ಬಳಕೆ. ಇನ್ನೊಂದು ಶಿಲ್ಪ ಬಂದರೆ ನೋಡುವುದಕ್ಕೆ ಎರಡಾಯಿತು, ಅಷ್ಟೇ. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು.

ಹಾಗಾದರೆ ಕಲೆಯಲ್ಲಿ ಏನೂ ಹೋಗುವುದಿಲ್ಲವೇ? ಹೋಗುತ್ತದೆ. ಕೃತಿ ಉಳಿಯುತ್ತದೆ, ಅದನ್ನು ಮಾಡುವ ಕಸುಬು ಹೋಗುತ್ತದೆ. 14ನೇ ಶತಮಾನದಲ್ಲಿ ಹೊಯ್ಸಳರ ಆಳ್ವಿಕೆ ಮುಗಿಯಿತು. ಅವರ ಶೈಲಿಯನ್ನು ಇನ್ನೊಂದು ಉತ್ತಮ ಶೈಲಿ ಸೋಲಿಸಿತು ಎನ್ನುವುದಕ್ಕಿಂತ, ಕೂಲಿ ಕೊಡುವ ದೊರೆ ಇಲ್ಲವಾದ ಎನ್ನುವುದು ಸತ್ಯಕ್ಕೆ ಹತ್ತಿರ. ಕಾವ್ಯದಲ್ಲೂ ಹೀಗೇ. ಗದ್ಯ ಪದ್ಯ ಬೆರೆತ ಚಂಪೂ ಕನ್ನಡದ ದೊಡ್ಡ ಕಾವ್ಯಗಳ ಮಾದರಿಯಾಗಿತ್ತು. ಹಳೇಬೀಡಿನ ಆಸ್ಥಾನದಲ್ಲಿ ಕರಣಿಕನಾಗಿದ್ದ ಎಂದು ಪ್ರತೀತಿ ಇರುವ ಹರಿಹರ ಸರಳವಾಗಿ ಓಡುವ ರಗಳೆಯನ್ನು ಎತ್ತಿ ಹಿಡಿದ. ಅವನ ಸೋದರಳಿಯ ರಾಘವಾಂಕ ಷಟ್ಪದಿಯನ್ನು. ಇವತ್ತು ಚಂಪೂ ಬರೆಯುವವರು ಇಲ್ಲವೆನ್ನಬಹುದು. ಆದರೆ ಪಂಪನನ್ನು ಓದುವವರು ಇದ್ದಾರೆ.

ಚಂಡೆಗೆ ಮೂರನೇ ಕೈ ಬರುವುದಿಲ್ಲ

ಆಟ, ನಾಟಕದಂಥ ಕಲೆಗೆ ಇನ್ನೂ ಕಷ್ಟ. ಕಲ್ಲಿನಂತೆ ತಾನಾಗಿ ನಿಂತಿರುವುದಿಲ್ಲ. ಪ್ರತಿ ಸಲ ಆಡಲೇಬೇಕು.

1934ರಲ್ಲಿ ಕನ್ನಡಕ್ಕೆ ಮಾತಿನ ಚಿತ್ರ ಬಂತು. ಮೊದಲ ನಟರು, ಕಥೆ, ಹಾಡು ಎಲ್ಲ ಕಂಪನಿ ನಾಟಕದಿಂದಲೇ ಹೋದವು. ಕೆಂಟ್ಸ್ ಎಸ್ 795ರೊಳಗೆ ಸೇರಿದ ಹಾಗೆ ಇಲ್ಲೂ ಹಳೆಯದು ಹೊಸದರ ಒಳಗೆ ಹೊಕ್ಕಿತು. ಜನರೂ ಹಿಂದೆಯೇ ಹೋದರು. ಆಮೇಲೆ ಟೆಂಟ್ ಸಿನಿಮಾಕ್ಕೂ ಅದೇ ಗತಿ. 1980ರ ದಶಕದಲ್ಲಿ ಇನ್ಸಾಟ್ ಉಪಗ್ರಹಗಳಿಂದ ಟಿವಿ ಹಳ್ಳಿಗಳಿಗೆ ಹಬ್ಬಿತು. ಆ ಉಪಗ್ರಹಗಳನ್ನು ಆಕಾಶದಲ್ಲಿ ಸರಿಯಾದ ಜಾಗದಲ್ಲಿ ಇರಿಸಿಕೊಳ್ಳುವ ಇಸ್ರೊದ ನಿಯಂತ್ರಣ ಕೇಂದ್ರ 1982ರಿಂದ ಇರುವುದು ನಮ್ಮ ಹಾಸನದಲ್ಲೇ.

ಆಡುವ ಕಲೆಗೆ ಯಾಕೆ ಇಷ್ಟು ಕಷ್ಟ ಎಂಬುದನ್ನು ವಿಲಿಯಂ ಬೌಮೋಲ್ ಮತ್ತು ವಿಲಿಯಂ ಬೋವೆನ್ ಎಂಬ ಅರ್ಥಶಾಸ್ತ್ರಜ್ಞರು 1966ರಲ್ಲಿ ವಿವರಿಸಿದರು. ಅದನ್ನು ಶೃಂಗೇರಿ, ಕೊಪ್ಪದ ಯಕ್ಷಗಾನದಲ್ಲಿಟ್ಟು ನೋಡಿ. ಕಾಫಿ ಹಣ್ಣಿನ ಸಿಪ್ಪೆ ಬಿಡಿಸಲು ಪಲ್ಪರ್ ಬಂತು. ಹತ್ತು ಜನರ ಕೆಲಸ ಒಬ್ಬರಿಂದ ಆಗುತ್ತದೆ, ಆ ಒಬ್ಬರಿಗೆ ಜಾಸ್ತಿ ಸಂಬಳ ಕೊಡಬಹುದು. ಯಕ್ಷಗಾನದ ಹಿಮ್ಮೇಳಕ್ಕೆ ನೂರು ವರ್ಷದ ಹಿಂದೆಯೂ ಭಾಗವತರು, ಮದ್ದಳೆ, ಚಂಡೆ ಬೇಕಿತ್ತು. ಈಗಲೂ ಅಷ್ಟೇ ಜನ ಬೇಕು. ಅದೇ ಪ್ರಸಂಗವನ್ನು ಅರ್ಧ ಜನ ಆಡಲಾಗುವುದಿಲ್ಲ. ಆದರೆ ಹೊರಗೆ ಎಲ್ಲರ ಸಂಬಳ ಏರಿದಾಗ ಇವರ ಸಂಭಾವನೆಯೂ ಏರಬೇಕು, ಅಲ್ವಾ? ಇಲ್ಲದಿದ್ದರೆ ಹುಡುಗರು ಬೇರೆ ಕೆಲಸಕ್ಕೆ ಹೋಗುತ್ತಾರೆ. ಹಾಗಾಗಿ ಆಟ ಆಡಿಸುವ ಖರ್ಚು ವರ್ಷದಿಂದ ವರ್ಷಕ್ಕೆ ಏರುತ್ತದೆ, ಆಟದಲ್ಲಿ ಏನೂ ಕೆಟ್ಟಿಲ್ಲದಿದ್ದರೂ.

ಯಕ್ಷಗಾನ ಇದಕ್ಕೆ ಕಂಡುಕೊಂಡ ದಾರಿ ಒಂದೆರಡಲ್ಲ. ದೊಂದಿ, ಪಂಜು ಹೋಗಿ ಗ್ಯಾಸ್‌ಲೈಟ್, ಆಮೇಲೆ ವಿದ್ಯುತ್ ದೀಪ ಬಂತು. ಬೆಳಗಾಗುವವರೆಗೆ ಆಡುತ್ತಿದ್ದ ಆಟದ ಜೊತೆಗೆ ಕೆಲವೇ ಗಂಟೆಯ ಕಾಲಮಿತಿ ಆಟ ಬಂತು. ಹರಕೆ ಆಟದ ಪದ್ಧತಿ ಇನ್ನೂ ಗಟ್ಟಿಯಾಗಿದೆ. ಖರ್ಚು ಹೊರಲು ಹರಕೆ ಹೊತ್ತವರು ಇರುವುದರಿಂದ ಟಿಕೆಟ್ಟಿನ ಚಿಂತೆ ಇಲ್ಲ. ಕಂಪನಿ ನಾಟಕಕ್ಕೆ ಇಂಥ ಆಸರೆ ಇರಲಿಲ್ಲ. ಎರಡರ ಹಣೆಬರಹ ಬೇರೆಯಾದದ್ದಕ್ಕೆ ಇದೂ ಒಂದು ಕಾರಣ ಎಂದು ನನಗೆ ಅನ್ನಿಸುತ್ತದೆ.

ಲಾಭ ಒಬ್ಬರಿಗೆ, ನಷ್ಟ ಇನ್ನೊಬ್ಬರಿಗೆ

ಒಟ್ಟು ಲೆಕ್ಕದಲ್ಲಿ ದೇಶಕ್ಕೆ ಲಾಭ ಎಂಬ ಮಾತು ಸರಿ. ಆದರೆ ಒಟ್ಟು ಲೆಕ್ಕದಲ್ಲಿ ಯಾರೂ ಊಟ ಮಾಡುವುದಿಲ್ಲ. ತೋಟದಲ್ಲಿ ಕತ್ತಿ ಹಿಡಿದು ಕಳೆ ತೆಗೆಯುತ್ತಿದ್ದವರಲ್ಲಿ ಹೆಂಗಸರು ಬಹಳ. ಕಳೆ ಹೊಡೆಯುವ ಮಷೀನ್ ಬಂದ ಮೇಲೆ ಅದನ್ನು ಹೆಗಲಿಗೆ ಹಾಕಿಕೊಂಡವರು ಬಹುಪಾಲು ಗಂಡಸರು. ಮಷೀನ್ ಹಿಡಿದವರಿಗೆ ಕೂಲಿ ಜಾಸ್ತಿ. ಕೆಲಸ ಹೋದವರೂ ಹೊಸ ಕೆಲಸ ಸಿಕ್ಕವರೂ ಒಬ್ಬರೇ ಅಲ್ಲ.

ಅಘಿಯಾನ್ ಒತ್ತಿ ಹೇಳುವ ಮಾತು, ರಕ್ಷಣೆ ಕೊಡಬೇಕಾದ್ದು ಕೆಲಸ ಮಾಡುವ ಮನುಷ್ಯರಿಗೆ, ಆ ಹಳೆಯ ಕೆಲಸಕ್ಕಲ್ಲ ಎಂಬುದು. ಇದಕ್ಕೆ ಸಾಮಾನ್ಯವಾಗಿ ಕೊಡುವ ಉದಾಹರಣೆ ಡೆನ್ಮಾರ್ಕ್. ಅಲ್ಲಿ ಕಂಪನಿಗಳು ಜನರನ್ನು ಕೆಲಸದಿಂದ ತೆಗೆಯುವುದು ಸುಲಭ. ಆದರೆ ಕೆಲಸ ಹೋದವರಿಗೆ ಭತ್ಯೆ ಸಿಗುತ್ತದೆ, ಹೊಸ ಕೆಲಸ ಕಲಿಯಲು ತರಬೇತಿಯೂ ಸಿಗುತ್ತದೆ.

ಇದನ್ನು ನಮ್ಮ ತೋಟಗಳಿಗೆ ಹಾಗೇ ತಂದು ಕೂರಿಸಲು ಬರುವುದಿಲ್ಲ. 1951ರ ಪ್ಲಾಂಟೇಷನ್ ಕಾರ್ಮಿಕರ ಕಾಯ್ದೆಯಿಂದ ದೊಡ್ಡ ತೋಟಗಳ ಆಳುಗಳಿಗೆ ಮನೆ ಕೊಡುವುದು ತೋಟದ ಹೊಣೆಯಾಯಿತು. ಅದು ಒಳ್ಳೆಯದೇ. ಆದರೆ ಲೈನಿನಲ್ಲಿ, ಅಂದರೆ ತೋಟದ ಸಾಲುಮನೆಯಲ್ಲಿ ಇರುವ ಕುಟುಂಬಕ್ಕೆ ಕೆಲಸ ಹೋಯಿತೆಂದರೆ ಸೂರೂ ಹೋಯಿತು. ತರಬೇತಿ ಕೊಟ್ಟರೂ ಅವರು ಎಲ್ಲಿ ಇದ್ದುಕೊಂಡು ಕಲಿಯಬೇಕು? ಕಲಾವಿದರಿಗೆ ರಾಜ್ಯ ಸರ್ಕಾರದ ಮಾಸಾಶನ ಇದೆ. ಅದು ಸಿಗುವುದು ವಯಸ್ಸಾದ ಮೇಲೆ. ಮೂವತ್ತರ ಹರೆಯದಲ್ಲಿ ಮೇಳ ಬಿಡಬೇಕಾಗಿ ಬಂದ ವೇಷಧಾರಿಗೆ ಅದರಿಂದ ಉಪಯೋಗವಿಲ್ಲ. ಹಾಗಾಗಿ ಹೊಸ ಮಷೀನ್, ಹೊಸ ತಂತ್ರಾಂಶ ಬಂದಾಗಲೆಲ್ಲ ಅದರ ಬೆಲೆಯ ಜೊತೆಗೆ ಇನ್ನೂ ಮೂರು ಕೇಳಬೇಕು: ಇದರಿಂದ ಯಾರ ಕೆಲಸ ಹೋಗುತ್ತದೆ, ಹೊಸ ಕೆಲಸ ಕಲಿಯಲು ಅವರಿಗೆ ಎಷ್ಟು ತಿಂಗಳು ಬೇಕು, ಅಲ್ಲಿಯವರೆಗೆ ಅವರ ಮನೆ ಬಾಡಿಗೆ ಕಟ್ಟುವವರು ಯಾರು.